ಕೆರೆಯ ಮೇಲೆ ಹೋದ ಲಾರಿ

ಕಚೇರಿಯಲ್ಲಿ ಆಕೆಯನ್ನು ಎಲ್ಲರೂ ಚುಕ್ಕಿಯಕ್ಕ ಎನ್ನುತ್ತಿದ್ದರು. ಸರಕು ಹೊರುವ ಕಂಪನಿಯ ಲಾರಿಗಳೆಲ್ಲ ಆಕೆಯ ಪರದೆಯ ಮೇಲೆ ಚುಕ್ಕಿಗಳಾಗಿ ಹರಿದಾಡುತ್ತಿದ್ದವು. ಇರುವೆಗಳು ಕಂಡಿದ್ದರೆ ನಾಚಿ ಸಾಲು ಬಿಟ್ಟು ಓಡಬೇಕು, ಅಷ್ಟು. ಪ್ರತಿ ಲಾರಿಯ ಜಾಗವನ್ನೂ ಕ್ಷಣಕ್ಷಣಕ್ಕೂ ಬರೆದುಕೊಳ್ಳುತ್ತಾ ಕೂತರೆ ಕಂಪ್ಯೂಟರಿಗೆ ಉಸಿರು ಕಟ್ಟುತ್ತದೆ. ಅದಕ್ಕೇ ಆಕೆ ಒಂದು ಉಪಾಯ ಹೂಡಿದ್ದಳು. ಲಾರಿ ಎಲ್ಲಿತ್ತು, ಯಾವ ಕಡೆಗೆ, ಎಷ್ಟು ವೇಗ, ಇಷ್ಟನ್ನೇ ಬರೆದಿಡುವುದು. ಮುಂದಿನದನ್ನು ಕಂಪ್ಯೂಟರೇ ಅಂದಾಜು ಮಾಡುತ್ತದೆ. ಒಂದೇ ದಿಕ್ಕಿಗೆ ಹೋಗುವವೆಲ್ಲ ಒಂದು ಕಟ್ಟು. ಹುಡುಕುವಾಗ ಆ ಕಟ್ಟು ಬಿಚ್ಚಿದರೆ ಸಾಕು. ಅಂದಾಜು ತಪ್ಪಿದರೆ ಮಾತ್ರ ಲಾರಿಯೊಳಗಿನ, ಜಾಗ ತಿಳಿಸುವ ಪೆಟ್ಟಿಗೆ ಕೂಗಿ ಹೇಳಬೇಕು. ಸುಮ್ಮನಿದ್ದರೆ ಎಲ್ಲ ಸರಿಯಾಗಿದೆ ಎಂದರ್ಥ.

ಆ ಚುಕ್ಕಿಗಳಲ್ಲೊಂದು ಆಕೆಯ ಗಂಡ. ಆತ ಮನೆಗೆ ಬಂದು ಎಷ್ಟು ಕಾಲವಾಗಿತ್ತೆಂದರೆ, ಬಾಗಿಲ ಬಳಿಯ ಅವನ ಚಪ್ಪಲಿಯಲ್ಲಿ ಜೇಡವೊಂದು ಸಂಸಾರ ಹೂಡಿ ಮೊಮ್ಮಕ್ಕಳನ್ನೂ ಕಂಡಿತ್ತು.

ಒಂದು ಮಧ್ಯಾಹ್ನ ಕಂಪ್ಯೂಟರನ್ನು ಕೇಳಿದಳು: ಸಂಜೆಯೊಳಗೆ ಊರಾಚೆಯ ಹೆದ್ದಾರಿಯಲ್ಲಿ ಹಾಯುವ ಲಾರಿಗಳು ಯಾವುವು? ಉತ್ತರದಲ್ಲಿ ಗಂಡನ ಲಾರಿಯೂ ಇತ್ತು! ಒಂದು ಗಳಿಗೆ ಮುಖ ನೋಡಿದರೂ ಸಾಕೆಂದು, ತಲೆ ಬಾಚಿಕೊಂಡು, ಫೋನನ್ನು ಮೇಜಿನ ಮೇಲೇ ಮರೆತು, ಹೆದ್ದಾರಿಯ ಚಹಾದಂಗಡಿಗೆ ಓಡಿದಳು.

ಲಾರಿಗಳು ಬಂದವು, ಹೋದವು. ದೂಳು ಕುಡಿದು ಕುಡಿದು ಆಕೆಯೇ ಅರ್ಧ ರಸ್ತೆಯಾದಳು. ಅವನ ಸುಳಿವಿಲ್ಲ.

ಹಿಂದಿರುಗಿದಾಗ ಗೇಟಿನ ಕಾವಲುಗಾರ ತಲೆ ಚಚ್ಚಿಕೊಂಡ. "ಎಲ್ಲೋಗಿದ್ರಿ ಅಕ್ಕಾ? ನಿಮ್ಮ ಯಜಮಾನ್ರು ಬಂದಿದ್ರು! ಪೆಟ್ಟಿಗೆ ಕೆಟ್ಟೋಗಿದೆ, ತೋರಿಸೋ ನೆಪದಲ್ಲಿ ನಿಮ್ಮನ್ನೂ ನೋಡೋಣ ಅಂತ ದಾರಿ ಬಿಟ್ಟು ಬಂದ್ರಂತೆ. ನಿಮ್ಮ ಫೋನು ಒಳಗೇ ಬಡ್ಕೊತಿತ್ತು. ಕಾದೂ ಕಾದೂ, ಸರಕು ತಡ ಆಗುತ್ತೆ ಅಂತ ಈಗ ತಾನೆ ಹೊರಟ್ರು."

"ಏನಾದ್ರೂ ಹೇಳಿದ್ರಾ?"

"ಅವ್ರಾ? ಬಾಯಿ ಬಿಟ್ರೆ ಮುತ್ತು ಉದುರಲ್ವಾ! 'ನಾನೆಲ್ಲಿದೀನಿ ಅಂತ ಅವಳಿಗೆ ಗೊತ್ತಿರುತ್ತೆ' ಅಂದ್ರು. ಅಷ್ಟೇ."

ಫೋನು ಹಚ್ಚಿದಳು. ಲಾರಿ ಓಡಿಸುವಾಗ ಅವನ ಫೋನು ಆಫ್ ಆಗಿರುತ್ತದೆ, ಅದು ಕಂಪನಿಯ ಕಟ್ಟಪ್ಪಣೆ.

ಪರದೆಯ ಮೇಲೆ ಅವನ ಲಾರಿ ಇನ್ನೂ ಹಳೆಯ ವೇಗದಲ್ಲೇ ಹೋಗುತ್ತಿತ್ತು. ಹೆದ್ದಾರಿ ತಿರುಗಿದಲ್ಲಿ ತಾನು ತಿರುಗದೆ, ನೆಟ್ಟಗೆ ಕೆರೆಗಿಳಿದು, ಚಕ್ರ ಒದ್ದೆ ಮಾಡಿಕೊಳ್ಳದೆ ನೀರ ಮೇಲೆ ಸಾಗುತ್ತಿತ್ತು. ಇಂಥ ಸುಳ್ಳು ಚುಕ್ಕಿಗಳನ್ನು ಕಟ್ಟಿನಿಂದ ಕಿತ್ತುಹಾಕುವುದು ಆಕೆಯದೇ ಕೆಲಸ. ಬೆರಳು ಗುಂಡಿಯ ತನಕ ಹೋಯಿತು.

"ಮೆಲ್ಲಗೆ ಹೋಗ್ರೀ," ಎಂದಳು ಪರದೆಗೆ, ಕೈ ಹಿಂದೆಳೆದುಕೊಂಡು.