ತುದಿಯಲ್ಲಿ ನಿಂತ ತೊಟ್ಟಿಲು

ಮನೆಮಂದಿ ಯಾರೂ ಇದುವರೆಗೆ ಕಂಡಿರದ ಥೀಮ್ ಪಾರ್ಕ್ ರೆಸಾರ್ಟ್‌ಗೆ ಹೋಗಲು ಸೊಸೆ ಮೊಬೈಲ್ ಹಿಡಿದು ಲೆಕ್ಕಾಚಾರ ಹಾಕುತ್ತಿದ್ದಳು. ಯಾವ ರೂಮು, ಮೊದಲು ಯಾವ ಆಟ ಅಂತ ಅವಳು ಕೇಳಿದರೆ ಮಾವನದು ಒಂದೇ ರಾಗ: "ಅಲ್ಲಿ ಜೈಂಟ್ ವೀಲಿನ ಬ್ರೇಕ್ ಯಾರ ಕೈಲಿರುತ್ತೆ?"

ಕೇಳದೆ ಇನ್ನೇನು. ಮುದುಕ ತನ್ನ ಪ್ರಾಯವನ್ನೆಲ್ಲ ಊರೂರಿನ ಎಕ್ಸಿಬಿಷನ್‌ಗಳಲ್ಲಿ ಜೈಂಟ್ ವೀಲ್ ತಿರುಗಿಸುತ್ತಲೇ ಕಳೆದವನು. ಕೆಳಗೆ ನಿಂತು, ಜನರ ಅಂಗಾಲು ನೋಡಿಯೇ ಯಾರಿಗೆ ಜೀವ ಬಾಯಿಗೆ ಬಂದಿದೆ ಅಂತ ಹೇಳುತ್ತಿದ್ದ. ಒಂದೂರಲ್ಲಿ ನೀಲಿ ಚಪ್ಪಲಿಯ ಹುಡುಗಿಯೊಬ್ಬಳು ದಿನಾ ಸಂಜೆ ಒಬ್ಬಳೇ ಬಂದು ಕೂರುತ್ತಿದ್ದಳು. ಅವಳ ತೊಟ್ಟಿಲು ತುದಿಗೇರಿದ ಕೂಡಲೇ ಇವನು ಬೇಕಂತಲೇ ಬ್ರೇಕ್ ಹಾಕುತ್ತಿದ್ದ. ಉಳಿದವರು ಬೈದರೆ ಪಾಪದ ಮೋಟಾರಿನ ಮೇಲೆ ಗೂಬೆ ಕೂರಿಸುತ್ತಿದ್ದ. ಕೊನೆಗೆ ಅವಳನ್ನೇ ಮದುವೆಯಾದ.

"ಅದಕ್ಕೆಲ್ಲ ಅಲ್ಲಿ ಬೇರೆ ಜನ ಇದ್ದಾರೆ ಮಾವ. ನೀವು ಆರಾಮಾಗಿ ಹತ್ತಿ ಕೂತ್ಕೊಳ್ಳಿ," ಅಂದಳು ಸೊಸೆ.

ಮುದುಕ ತಬ್ಬಿಬ್ಬಾದ. "ನಾನು ಯಾವತ್ತೂ ಹತ್ತಿದವನೇ ಅಲ್ಲಮ್ಮ. ಯಾರ ಜೊತೆ ಕೂರಲಿ?"

ಬಟ್ಟೆ ಮಡಚುತ್ತಿದ್ದ ಹೆಂಡತಿ ತಲೆ ಎತ್ತದೆಯೇ ಅಂದಳು:

"ನನ್ನ ಪಕ್ಕ ಕೂತ್ಕೊಳ್ಳಿ. ಆ ಜಾಗ ಅವತ್ತಿಂದ ಖಾಲಿನೇ ಇದೆ."