ಪಾಲಿಶ್ ಮೋನಮ್ಮ ಮತ್ತು ನೆಲಮನೆಯ ಕೈಗಳು

ಸುರಪುರದ ಮೋನಮ್ಮ ಕೆಲಸಕ್ಕೆ ಬಂದ ಮೊದಲ ದಿನ ಕೆಲಸ ಮುಟ್ಟಲಿಲ್ಲ. ಶಹಾಪುರದ ನಮ್ಮ ಮನೆಯ ನೆಲಮನೆಗೆ ಇಳಿದು, ಹೊಸದಾಗಿ ಹಾಸಿದ ಫರಸಿ ಕಲ್ಲಿನ ಮೇಲೆ ತಲೆಗೆ ಕೈ ಕೊಟ್ಟು ಮಲಗಿಬಿಟ್ಟಳು. ನಾನು ಚಹಾ ಹಿಡಿದು ಹತ್ತು ಮೆಟ್ಟಿಲು ಇಳಿದು ನೋಡಿದರೆ ಈ ಮಹಾತಾಯಿ ಕಣ್ಣು ಮುಚ್ಚಿ ಹಾಯಾಗಿದ್ದಾಳೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು.

"ಏನವ್ವಾ, ನಿದ್ದಿ ಮಾಡಾಕ ಸುರಪುರದಿಂದ ಬಸ್ ಹಿಡದು ಬಂದಿ ಏನು?" ಅಂದೆ.

"ನಿದ್ದಿ ಅಲ್ರಿ ಅಕ್ಕಾರ," ಅಂದಳು, ಕಣ್ಣು ತೆರೆಯದೆ. "ಥಂಡಿ ಯಾವ ಕಡಿಂದ ಬರ್ತದ ಅಂತ ನೋಡಾಕತ್ತೇನಿ. ಕಣ್ಣಿಗಿ ತಿಳಿಯಂಗಿಲ್ಲ, ಬೆನ್ನಿಗಿ ತಿಳಿತದ."

ಎದ್ದ ಮೇಲೆ ಚಹಾ ಕುಡಿದು, ನನ್ನಿಂದ ನಾಲ್ಕು ಹರಳು ಉಪ್ಪು ಇಸಿದುಕೊಂಡು, ಮೂಲೆಗೊಂದರಂತೆ ಇಟ್ಟು ಹೋದಳು. ಮರುದಿನ ಬೆಳಿಗ್ಗೆ ಬಂದು ನೋಡಿದಾಗ ಮೂರು ಹರಳು ಒಣಗಿದ್ದವು, ಕಾಲುವೆಯ ದಿಕ್ಕಿನದು ಮಾತ್ರ ಸ್ವಲ್ಪ ಬೆವರಿತ್ತು. ಆ ಕಡೆಯ ಕಂಬಕ್ಕೆ ಕೊನೆಗೆ ಪಾಲಿಶ್ ಹಾಕುತ್ತೇನೆ ಅಂದಳು. ನನಗೆ ಬೇಕಾಗಿದ್ದದ್ದು ಅದೇ ಕಂಬದ ಕೆಲಸ.

ಯಾಕೆ ಅಂತ ಹೇಳುತ್ತೇನೆ. ನಮ್ಮದು ಜೋಳದ ವ್ಯಾಪಾರದ ಹಳೆಯ ಮನೆ. ನೆಲಮನೆಯಲ್ಲಿ ನಾಲ್ಕು ತೇಗದ ಕಂಬ, ಅವುಗಳ ಮೇಲೆ ತೊಲೆ, ಗೋಡೆಗುಂಟ ಮರದ ಹಲಗೆಗಳು. ಒಂದು ಕಾಲಕ್ಕೆ ವರ್ಷದ ಜೋಳವೆಲ್ಲ ಅಲ್ಲಿರುತ್ತಿತ್ತಂತೆ. ಈ ಮನೆಗೆ ಬಂದ ಸೊಸೆ ಮೊದಲ ಸಲ ಜೋಳ ತರಲು ಕೆಳಗಿಳಿದಾಗ, ಅತ್ತೆ ಅವಳ ಬಲಗೈಯನ್ನು ಕುಸುಬಿ ಎಣ್ಣೆಯಲ್ಲಿ ಅದ್ದಿಸಿ ಆ ಮೂಲೆಯ ಕಂಬಕ್ಕೆ ಒತ್ತಿಸಬೇಕು. ಅಂದಿನಿಂದ ಆ ಜೋಳ ಅವಳದೂ ಹೌದು, ಆ ಮನೆ ಅವಳದೂ ಹೌದು. ಕಂಬದ ಮೇಲೆ ಹಾಗೆ ಐದು ಕೈ ಇದ್ದವು, ಕಪ್ಪಗೆ, ಸಾಲಾಗಿ. ಐದನೆಯದು ನನ್ನ ಅತ್ತೆ ಗೊಲ್ಲಾಳಮ್ಮನವರದು.

ನನ್ನದು ಇಲ್ಲ.

ನನ್ನ ಮದುವೆಯಾದ ವರ್ಷವೇ ಕಾಲುವೆಗೆ ಮೊದಲ ಸಲ ನೀರು ಬಿಟ್ಟರು. ಊರಿಗೆ ಊರೇ ಕಾಲುವೆಯ ದಂಡೆಗೆ ಹೋಗಿ ಕಾಯಿ ಒಡೆದು ಬಂದಿತು. ನಾವು ಮನೆಗೆ ಬಂದು ನೋಡಿದರೆ ನೆಲಮನೆಯ ಗೋಡೆಯಿಂದ ನೀರು ಒಸರುತ್ತಿದೆ. ವಾರದೊಳಗೆ ಮೊಣಕಾಲು ಮಟ ನಿಂತಿತು. ಜೋಳವೆಲ್ಲ ಮೊಳಕೆಯೊಡೆದು ನಾರಿತು. ನೀರು ಬಿಟ್ಟ ಮರುದಿನವೇ ನಾನು ಕೈ ಒತ್ತುವವಳಿದ್ದೆ, ಎಣ್ಣೆಯ ಬಟ್ಟಲು ತೊಳೆದಿಟ್ಟಾಗಿತ್ತು. ಅತ್ತೆ ನೀರು ನೋಡಿದರು, ನನ್ನನ್ನು ನೋಡಿದರು.

"ನೀ ಒಳಗ ಬಂದಿ, ನೀರೂ ಒಳಗ ಬಂತು," ಅಂದರು.

ಅಷ್ಟೇ. ಬಾಗಿಲಿಗೆ ಕೀಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಕಾಲುವೆ ಬಂದು ಊರಿನವರೆಲ್ಲ ಭತ್ತ ಬೆಳೆದರು, ನಮ್ಮ ಯಜಮಾನರೂ ಜೋಳ ಬಿಟ್ಟು ಭತ್ತದ ವ್ಯಾಪಾರಕ್ಕೆ ಇಳಿದು ಮೇಲೆ ಬಂದರು. ಕಾಲುವೆಯ ಪುಣ್ಯವೆಲ್ಲ ಸರಕಾರಕ್ಕೆ ಹೋಯಿತು, ಪಾಪ ಮಾತ್ರ ನನ್ನ ಕಾಲ್ಗುಣಕ್ಕೆ ಬಂತು. ಅತ್ತೆ ಅದನ್ನು ಮತ್ತೆ ಆಡಲಿಲ್ಲ. ಆದರೆ ವಾಪಸ್ಸೂ ತೆಗೆದುಕೊಳ್ಳಲಿಲ್ಲ. ಇಪ್ಪತ್ತಾರು ವರ್ಷ ಅವರಿಗೆ ರೊಟ್ಟಿ ಬಡಿದು ಹಾಕಿದೆ, ಕೊನೆಗೆ ಬಾಯಿಗೆ ನೀರು ಬಿಟ್ಟವಳೂ ನಾನೇ.

ಅವರು ಹೋದ ಎರಡು ವರ್ಷಕ್ಕೆ ನಮ್ಮ ಯಜಮಾನರಾದ ಜಗದೇವಪ್ಪನವರಿಗೆ ನೆಲಮನೆಯ ನೆನಪಾಯಿತು. ಗೋಡೆಯ ಹೊರಗೆ ಆಳವಾಗಿ ಚರಂಡಿ ತೋಡಿಸಿದರು, ಒಳಗೆ ಗಿಲಾವು ಮಾಡಿಸಿದರು, ನೆಲಕ್ಕೆ ಫರಸಿ ಹಾಸಿಸಿದರು. ಬೇಸಿಗೆಯಲ್ಲಿ ತಂಪಾಗಿ ಮಲಗಲು ಒಂದು ಕೋಣೆ ಆಗುತ್ತದೆ ಎಂದು ಅವರ ಲೆಕ್ಕ. ಮರಕ್ಕೆಲ್ಲ ಪಾಲಿಶ್ ಹಾಕಿಸುವುದನ್ನು ನನಗೆ ವಹಿಸಿದರು. ಗಂಡಸರು ಕೈ ತೊಳೆದುಕೊಳ್ಳುವುದನ್ನು "ನಿನಗ ಬಿಟ್ಟದ್ದು" ಅನ್ನುತ್ತಾರೆ.

ನಾನು ಮೋನಮ್ಮನಿಗೆ ಒಂದೇ ಮಾತು ಹೇಳಿದೆ: "ಎಲ್ಲಾ ಕಂಬ ಒಂದ ಬಣ್ಣ ಆಗಬೇಕು. ಆ ಕೈ ಒಂದೂ ಕಾಣಬಾರದು."

ಅವಳು ಕಂಬದ ಹತ್ತಿರ ಹೋಗಿ ಮೂಸಿ ನೋಡಿದಳು. "ಎಣ್ಣಿ ಒಳಗ ಇಳದದ್ರಿ," ಅಂದಳು. "ನೋಡೋಣ್ರಿ."

ಕಾಲುವೆಯ ನೀರು ನಿಲ್ಲಿಸಿದ್ದ ಬೇಸಿಗೆ ಅದು. ಮತ್ತೆ ನೀರು ಬಿಡುವುದರೊಳಗೆ ಕೆಲಸ ಮುಗಿಯಬೇಕಿತ್ತು, ಇಲ್ಲದಿದ್ದರೆ ಹಸಿ ಪಾಲಿಶ್ ಥಂಡಿಗೆ ಹಾಲಿನ ಕೆನೆಯ ಹಾಗೆ ಬೆಳ್ಳಗಾಗುತ್ತದಂತೆ. ಆದರೂ ಅವಳಿಗೆ ಅವಸರವೆಂಬುದಿಲ್ಲ. ಮೊದಲು ಪಾಲಿಶ್ ಕಾಗದದಿಂದ ಉಜ್ಜುವುದು, ಒದ್ದೆ ಅರಿವೆಯಿಂದ ಒರೆಸುವುದು, ಮರದ ರೋಮ ಎದ್ದರೆ ಮತ್ತೆ ಉಜ್ಜುವುದು. ಆಮೇಲೆ ಬಣ್ಣದ ಪುಡಿಯ ನೀರು. ಅದು ಒಣಗಿದ ಮೇಲೆ ಸ್ಪಿರಿಟ್ಟಿನಲ್ಲಿ ನೆನೆಸಿದ ಅರಗು. ಹತ್ತಿಯ ಉಂಡೆಗೆ ಹಳೆಯ ಧೋತರದ ಚೂರು ಸುತ್ತಿ, ಅರಗಿನಲ್ಲಿ ಅದ್ದಿ, ಮರದ ಮೇಲೆ ಸಣ್ಣ ಸಣ್ಣ ಸುತ್ತು ಹಾಕುತ್ತ ಹೋಗುತ್ತಿದ್ದಳು.

ಮೇಲೆ ಬಿಸಿಲು ಸುಡುವಾಗ ನಾನು ದಿನಾ ಕೆಳಗೆ ಹೋಗಿ ಮೆಟ್ಟಿಲ ಮೇಲೆ ಕೂರತೊಡಗಿದೆ. ಕೆಲಸ ನೋಡಿಕೊಳ್ಳಲು ಅಂತ ಮನೆಯಲ್ಲಿ ಹೇಳುತ್ತಿದ್ದೆ. ಸುಳ್ಳು. ಗೋಡೆಯ ಮೇಲುಗಡೆಯ ಜಾಲಂಧ್ರದಿಂದ ಒಂದು ಗೇಣು ಬಿಸಿಲು ಬಂದು ನೆಲದ ಮೇಲೆ ಸರಿಯುತ್ತಿತ್ತು. ಅರಗಿನ ವಾಸನೆಗೆ ತಲೆ ಹಗುರಾಗುತ್ತಿತ್ತು. ಮೋನಮ್ಮನ ಕೈ ಸುತ್ತುತ್ತ ಸುತ್ತುತ್ತ ಬೂದು ಹಿಡಿದ ಮರ ಒಳಗಿನಿಂದ ಕೆಂಪಗೆ ಬೆಳಗುವುದನ್ನು ನೋಡುತ್ತ ನೋಡುತ್ತ, ನಾನು ಎಚ್ಚರವಿದ್ದೇನೋ ಇಲ್ಲವೋ ನನಗೇ ತಿಳಿಯುತ್ತಿರಲಿಲ್ಲ. ಒಂದೊಂದು ಸಲ ಮದುವಣಗಿತ್ತಿಯಾಗಿ ಅದೇ ಮೆಟ್ಟಿಲ ಮೇಲೆ ನಿಂತಂತೆ, ಕೈಯಿಂದ ಎಣ್ಣೆ ತೊಟ್ಟಿಕ್ಕಿದಂತೆ ಅನಿಸುತ್ತಿತ್ತು. ಕಣ್ಣುಜ್ಜಿಕೊಂಡರೆ ಕೈ ಒಣಗಿರುತ್ತಿತ್ತು.

ಅವಳ ಕಥೆ ಆ ಮಧ್ಯಾಹ್ನಗಳಲ್ಲೇ ತುಸುತುಸುವಾಗಿ ಹೊರಬಂತು. ತವರು ತಿಂಥಣಿ. ಅಪ್ಪ ಬಡಿಗ, ಮೌನೇಶ್ವರನ ಗುಡಿಯ ಹಿಂದೆ ಮನೆ. ಗಂಡುಮಕ್ಕಳಿಗೆ ಉಳಿ ಕೊಟ್ಟ, ಇವಳು ಮುಟ್ಟಿದರೆ ಬೈದ. ಉಜ್ಜಲು ಒಂದು ಅರಿವೆ ಕೊಟ್ಟು ಕೂರಿಸಿದ. ಇವಳು ಅರಿವೆಯನ್ನೇ ಬಿಗಿಯಾಗಿ ಹಿಡಿದಳು. ಅಣ್ಣಂದಿರ ಕೆತ್ತನೆಯ ತಪ್ಪುಗಳನ್ನೆಲ್ಲ ಪಾಲಿಶ್ ಹಾಕಿ ಮುಚ್ಚಿದವಳು ಇವಳೇ, ಅವರು ಅದನ್ನು ಇವತ್ತಿಗೂ ಒಪ್ಪುವುದಿಲ್ಲ. ಸುರಪುರದ ಸಂಗಣ್ಣನಿಗೆ ಕೊಟ್ಟರು. ಸೈಕಲ್ ರಿಪೇರಿ ಅಂಗಡಿಯವನು. ಹೆಂಡತಿ ಮಂದಿಯ ಮನೆಗೆ ಹೋಗಿ ಪಾಲಿಶ್ ಹಾಕುವುದು ಅವನಿಗೆ ಮೊದಲು ಸೇರಲಿಲ್ಲ. ಒಂದು ದಿನ ಅವನ ಅಂಗಡಿಯ ಒಡಕು ಸ್ಟೂಲನ್ನು ತಂದು, ರಾತ್ರಿಯೊಳಗೆ ಥಳಥಳ ಮಾಡಿ ವಾಪಸ್ಸಿಟ್ಟಳಂತೆ. ಅದರ ಮೇಲೆ ಅವನು ಗಿರಾಕಿಗಳನ್ನು ಕೂರಗೊಡಲಿಲ್ಲ, ಇವಳನ್ನು ತಡೆಯಲೂ ಇಲ್ಲ.

"ಯಾದಗಿರಿ ಆಫೀಸಿನ ಕುರ್ಚಿ ಮಾಡೇನ್ರಿ," ಅಂದಳು ಒಮ್ಮೆ. "ಕೈ ಇಡೂ ಕಡಿ ಬಣ್ಣ ಹಂಗ ಇರ್ತದ. ತಲಿ ಆನಿಸೂ ಕಡಿ ಎಲ್ಲಾ ಸವದು ಹೋಗಿರ್ತದ."

ನಾನು ನಕ್ಕೆ. ನೆಲಮನೆಯಲ್ಲಿ ನಾನು ನಕ್ಕದ್ದು ಅದೇ ಮೊದಲು.

ಅವಳ ಅಂಗೈ ಕಂದು ಹತ್ತಿ ಹೋಗಿತ್ತು. ಮದುವೆಗಳಲ್ಲಿ ಮೆಹಂದಿ ಹಾಕಿದರೂ ಕಾಣುವುದಿಲ್ಲವಂತೆ. ಅದರ ಬೇಜಾರು ಅವಳಿಗಿರಲಿಲ್ಲ. "ಕೆಲಸ ಮುಗದ ಮ್ಯಾಲ ನನ್ನ ಕೈಬೆರಳಿನ ಗುರ್ತು ಒಂದೂ ಮರದ ಮ್ಯಾಲ ಉಳಿಬಾರದ್ರಿ. ಉಳಿತಂದ್ರ ಅದು ಕೆಲಸ ಅಲ್ಲ," ಅನ್ನುತ್ತಿದ್ದಳು.

ಮೂರು ಕಂಬ, ತೊಲೆ, ಹಲಗೆಗಳು ಮುಗಿದ ಮೇಲೆ ನನ್ನ ಕಂಬಕ್ಕೆ ಬಂದಳು. ಎರಡು ದಿನ ಉಜ್ಜಿದಳು. ಐದೂ ಕೈ ಹೋದವು, ಮರ ಬಿಳಿಚಿಕೊಂಡು ನಿಂತಿತು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಆ ದಿನ ಹೋಳಿಗೆ ಮಾಡಿ ಅವಳಿಗೂ ಕಟ್ಟಿಕೊಟ್ಟೆ. ಸಂಜೆ ಬಣ್ಣದ ನೀರು ಬಳಿದು ಹೋದಳು.

ಬೆಳಿಗ್ಗೆ ನೋಡಿದರೆ ಐದು ಕೈ ಎದ್ದು ನಿಂತಿದ್ದವು. ಮೊದಲು ಕಪ್ಪಗಿದ್ದವು, ಈಗ ಕೆಂಪು ಕಂಬದ ಮೇಲೆ ಬೆಳ್ಳಗೆ. ಎಣ್ಣೆ ಇಳಿದಿದ್ದ ಜಾಗ ಬಣ್ಣ ಕುಡಿದಿರಲಿಲ್ಲ. ಐದು ಹೆಂಗಸರು ನೀರಿನೊಳಗಿನಿಂದ ಕೈ ತೋರಿಸಿದಂತಿತ್ತು. ನನಗೆ ಮೈಯೆಲ್ಲ ಉರಿಯಿತು.

"ತಗೀ ಅಂದ್ರ ಇನ್ನಷ್ಟು ತೋರಿಸಿದಿ," ಅಂದೆ.

ಮೋನಮ್ಮನ ಮುಖ ಸಣ್ಣದಾಯಿತು. ಬಿಸಿನೀರಿಗೆ ಸೋಡಾ ಹಾಕಿ ಇಡೀ ಕಂಬವನ್ನು ತೊಳೆದಳು, ನಾಲ್ಕೂ ಮಗ್ಗುಲು. ಮೊದಲು ಒಸರುತ್ತಿದ್ದ ಗೋಡೆಯ ಕಡೆಯ ಮಗ್ಗುಲಲ್ಲಿ ವರ್ಷಗಟ್ಟಲೆ ಬೂಷ್ಟು ಹತ್ತಿ ಕರಗೆ ಗಟ್ಟಿಯಾಗಿತ್ತು, ಕಾಗದದ ಉಜ್ಜಿಗೆ ಜಗ್ಗಿರಲಿಲ್ಲ. ಅದು ಆ ದಿನ ಸುಲಿದು ಬಂತು. ನಾಲ್ಕು ದಿನ ಒಣಗಲು ಬಿಟ್ಟು, ಮತ್ತೆ ಉಜ್ಜಿ, ಮತ್ತೆ ಬಣ್ಣ ಬಳಿದಳು. ಈ ಸಲ ನಾನು ಮೇಲೆ ಹೋಗಲಿಲ್ಲ, ಮೆಟ್ಟಿಲ ಮೇಲೆಯೇ ಕೂತು ಕಾದೆ. ಬಣ್ಣ ಒಣಗುತ್ತ ಬಂದಂತೆ ಐದು ಕೈ ಬರೀ ಮಸುಕು ನೆರಳಾಗಿ ಕಂಡವು.

"ಅಕ್ಕಾರ," ಅಂದಳು ಮೋನಮ್ಮ, ಕಂಬದ ಆಚೆಯಿಂದ. "ಇಲ್ಲಿ ಇನ್ನೊಂದು ಅದ್ರಿ."

ಹೋಗಿ ನೋಡಿದೆ. ಮುಂದಿನ ಮಗ್ಗುಲು ಐದು ಕೈಗೆ ತುಂಬಿತ್ತು. ಆರನೆಯದು ಅಂಚು ದಾಟಿ, ಗೋಡೆಯ ಕಡೆಯ ಮಗ್ಗುಲಲ್ಲಿ ಇರಬೇಕಿತ್ತು. ಅಂದರೆ ನನ್ನ ಜಾಗದಲ್ಲಿ. ಬೂಷ್ಟು ಇದ್ದ ಆ ಜಾಗದಲ್ಲಿಯೇ ಒಂದು ಬಲಗೈ ಸ್ಪಷ್ಟವಾಗಿ, ಬೆಳ್ಳಗೆ ಮೂಡಿತ್ತು. ಅದರ ತೋರುಬೆರಳು ಅರ್ಧಕ್ಕೇ ನಿಂತಿತ್ತು.

ನನ್ನ ಮದುವೆಯಾದ ಒಂಬತ್ತನೆಯ ವರ್ಷ, ಮೇವು ಕತ್ತರಿಸುವಾಗ ಅತ್ತೆಯ ತೋರುಬೆರಳು ಅರ್ಧ ಹೋಗಿತ್ತು. ಒಂದು ತಿಂಗಳು ದಿನಾ ಬಿಚ್ಚಿ, ತೊಳೆದು, ಪಟ್ಟಿ ಕಟ್ಟಿದವಳು ನಾನು. ಆ ಬೆರಳನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ನೆಲಕ್ಕೆ ಕೂತುಬಿಟ್ಟೆ. ಐದನೆಯದು ಅವರ ಸೊಸೆಗೈ, ಐದೂ ಬೆರಳು ತುಂಬಿದ್ದು. ಇದು ಅವರದೇ ಇನ್ನೊಂದು, ಎಷ್ಟೋ ವರ್ಷದ ಮೇಲಿನದು. ಕೀಲಿ ಅವರ ಸೊಂಟದಲ್ಲೇ ಇತ್ತು. ಯಾವುದೋ ಬೇಸಿಗೆಯಲ್ಲಿ, ನೀರು ಇಳಿದಾಗ, ಒಬ್ಬರೇ ಎಣ್ಣೆಯ ಬಟ್ಟಲು ಹಿಡಿದು ಈ ಮೆಟ್ಟಿಲು ಇಳಿದಿದ್ದಾರೆ. ನನ್ನ ಜಾಗವನ್ನು ಹುಡುಕಿ, ಅಲ್ಲಿ ತಮ್ಮ ಕೈ ಒತ್ತಿದ್ದಾರೆ. ಮೇಲೆ ಬಂದು ನಾನು ಬಡಿಸಿದ ರೊಟ್ಟಿ ತಿಂದಿದ್ದಾರೆ.

"ಯಾಕ ಮೋನವ್ವ?" ಅಂದೆ. "ತಪ್ಪಾತು ಅಂತ ಒತ್ತಿದರೋ, ನನಗ ಜಾಗ ಇರಬಾರದು ಅಂತ ಒತ್ತಿದರೋ?"

ಅವಳು ಆ ಗುರುತಿನ ಮೇಲೆ ಬೆರಳಾಡಿಸಿದಳು. "ಒತ್ತಿದ್ದಷ್ಟ ನನಗ ಕಾಣ್ತದ್ರಿ," ಅಂದಳು. "ಆದ್ರ ನೋಡ್ರಿ, ಅಂಗೈ ಕಡಿ ಎಣ್ಣಿ ಭಾಳ ಆಳ ಇಳದದ. ಒತ್ತಿ ತಗದ ಕೈ ಅಲ್ರಿ ಇದು. ಇಟ್ಟುಕೊಂಡು ಭಾಳ ಹೊತ್ತು ನಿಂತಾರ."

ಆಗ ನನಗೆ ಅಳು ಬಂತು. ದುಃಖಕ್ಕಿಂತ ಸಿಟ್ಟಿನ ಅಳು. ಹತ್ತು ಮೆಟ್ಟಿಲ ಮೇಲೆ ಅಡುಗೆಮನೆಯಲ್ಲಿ ನಾನಿದ್ದೆ. ಕಂಬಕ್ಕೆ ಕೈ ಇಟ್ಟುಕೊಂಡು ಅಷ್ಟು ಹೊತ್ತು ನಿಲ್ಲುವ ಬದಲು ಒಂದು ಸಲ ನನ್ನ ಹೆಸರು ಹಿಡಿದು ಕೂಗಬಹುದಿತ್ತು. ಅಷ್ಟು ದೊಡ್ಡ ಬಾಯಿಯ ಹೆಂಗಸಿಗೆ ಆ ಒಂದು ಮಾತು ಬರಲಿಲ್ಲ.

ಮೋನಮ್ಮ ನನ್ನ ಅಳು ಮುಗಿಯಲು ಬಿಟ್ಟಳು. ಆಮೇಲೆ ಪಾಲಿಶ್ ಕಾಗದ ಎತ್ತಿಕೊಂಡು, "ತಗದುಬಿಡ್ಲೇನ್ರಿ?" ಎಂದು ಕೇಳಿದಳು.

"ಬ್ಯಾಡ," ಅಂದೆ. "ಆರೂ ಇರಲಿ."

"ಒಂದ ಬಣ್ಣ ಆಗಂಗಿಲ್ರಿ."

"ಆಗದಿರಲಿ."

ಅವಳು ಕಾಗದ ಕೆಳಗಿಟ್ಟಳು. ಮರದ ಮೇಲೆ ಮಚ್ಚೆ ಉಳಿಸಿ ಎಂದೂ ಕೆಲಸ ಬಿಟ್ಟು ಹೋದವಳಲ್ಲ, ಅವಳಿಗೂ ಅದು ಸುಲಭವಿರಲಿಲ್ಲ. "ಕುಸುಬಿ ಎಣ್ಣಿ ಇದ್ರ ತರ್ರಿ, ನೀವೂ ಒಂದು ಒತ್ರಿ," ಅಂದಳು. "ನಾ ಕಾಯ್ತೀನಿ."

ಬೇಡವೆಂದು ತಲೆಯಾಡಿಸಿದೆ. ನನ್ನ ಕೈ ಹಿಡಿದು ಒತ್ತಿಸುವವರು ಬೇಕಾಗಿತ್ತು, ನಾನೇ ಒತ್ತಿಕೊಳ್ಳುವುದಲ್ಲ. ಬರಿಗೈಯನ್ನು ಆ ಗುರುತಿನ ಮೇಲೆ ಇಟ್ಟು ನೋಡಿದೆ, ಅಷ್ಟೇ. ಅತ್ತೆಯ ಕೈ ಬಹಳ ದೊಡ್ಡದೆಂದು ಜೀವಮಾನವೆಲ್ಲ ಅಂದುಕೊಂಡಿದ್ದೆ. ನನ್ನ ಕೈಯಡಿ ಅದು ಪೂರ್ತಿ ಮುಚ್ಚಿಹೋಯಿತು.

ಕೈ ತೆಗೆದ ಮೇಲೆ ಮೋನಮ್ಮ ಅರಗಿನ ಉಂಡೆ ಹಿಡಿದು ಶುರುಮಾಡಿದಳು. ಮೊದಲು ಐದು ಕೈಗಳ ಮೇಲೆ, ಆಮೇಲೆ ಅಂಚು ದಾಟಿ ಆರನೆಯದರ ಮೇಲೆ, ಸಣ್ಣ ಸಣ್ಣ ಸುತ್ತು. ಬಿಳಿಚಿಕೊಂಡಿದ್ದ ಅಂಗೈ ನಿಧಾನಕ್ಕೆ ಜೇನಿನ ಬಣ್ಣಕ್ಕೆ ತಿರುಗಿತು. ನಾನು ಹತ್ತಿರ ಹೋಗಿ ನಿಂತೆ. ಇಪ್ಪತ್ತೆಂಟು ವರ್ಷ ಎದೆಯಲ್ಲಿ ಕಟ್ಟಿಕೊಂಡಿದ್ದು ಕೊನೆಗೂ ಬಾಯಿಗೆ ಬಂತು.

"ಕೂಗಿದ್ರ ಬರ್ತಿದ್ನಲ್ಲ ಅತ್ತಿ," ಅಂದೆ.

ಜೋರಾಗಿಯೇ ಅಂದೆ. ಮೋನಮ್ಮ ತಿರುಗಿ ನೋಡಲಿಲ್ಲ. ಅವಳ ಕೈ ಮಾತ್ರ ಆ ಅರ್ಧ ಬೆರಳಿನ ಹತ್ತಿರ ಬಂದು, ಸ್ವಲ್ಪ ನಿಂತು, ಮತ್ತೆ ಸುತ್ತತೊಡಗಿತು.