ವಾರ್ಡಿಗೆ ಬರುತ್ತಿದ್ದ ನಾತ

ದೆವ್ವ, ಮಾಟ ಎಂದು ಯಾರಾದರೂ ಹೇಳತೊಡಗಿದರೆ ಎದ್ದು ಹೋಗುವವಳು ನಾನು. ನನ್ನ ಸೇವಾವಧಿಯೆಲ್ಲ ನರ್ಸಿಂಗ್ ಕಲಿಸುವುದರಲ್ಲೇ ಕಳೆಯಿತು. ಅದೂ ಪಾಠದ ಕೋಣೆಗಿಂತ ಹೆಚ್ಚಾಗಿ ರೋಗಿಯ ಮಂಚದ ಪಕ್ಕದಲ್ಲಿ. ಕಾರಣವಿಲ್ಲದೆ ದೇಹದಲ್ಲಿ ಏನೂ ನಡೆಯುವುದಿಲ್ಲ ಎಂದು ಹುಡುಗಿಯರಿಗೆ ಹೇಳುತ್ತ ಬಂದವಳು. ಆದರೂ ಇದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂದಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ತರಬೇತಿಯ ಹುಡುಗಿಯರನ್ನು ಕರೆದುಕೊಂಡು ಸಿಂದಗಿಯ ಒಂದು ದವಾಖಾನೆಗೆ ಹೋಗುತ್ತಿದ್ದೆ. ಹೆಂಗಸರ ವಾರ್ಡಿನಲ್ಲಿ ಶಾಂತವ್ವ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳಿದ್ದಳು. ಸ್ಟೋವ್ ಸಿಡಿದು ಎದೆ, ತೋಳು ಸುಟ್ಟಿವೆ ಎಂದು ಮನೆಯವರು ಹೇಳಿದ್ದರು. ಗಾಯ ತೊಳೆದು ಪಟ್ಟಿ ಕಟ್ಟುವುದನ್ನು ಅಗರಖೇಡದ ಮೆಹಬೂಬಿ ಎಂಬ ವಿದ್ಯಾರ್ಥಿನಿಗೆ ಅವಳ ಮಂಚದ ಬಳಿಯೇ ಕಲಿಸುತ್ತಿದ್ದೆ. ಕೀವಿಲ್ಲ, ವಾಸನೆಯಿಲ್ಲ. ನಾನೇ ಬಗ್ಗಿ ಮೂಸಿ ನೋಡಿದ್ದೆ.

ಮಧ್ಯಾಹ್ನ ಅವಳ ಗಂಡ ಬಂದ. ಇಸ್ತ್ರಿ ಮಾಡಿದ ಬಿಳಿ ಧೋತರ, ಕಿವಿಯಲ್ಲಿ ಅತ್ತರಿನ ಹತ್ತಿ. ಹೊಸ್ತಿಲು ದಾಟಿದ್ದೇ ತಡ, ನಾತ ಬಂತು. ಕೊಳೆತ ಮಾಂಸದ, ನಾಲಿಗೆಗೆ ಅಂಟುವಂಥ ಸಿಹಿ ನಾತ. ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಹುಳು ಬಿದ್ದ ಕಾಲುಗಳನ್ನು ತೊಳೆದ ನಾನು ಎಂದೂ ಹಾಗೆ ಮಾಡಿದವಳಲ್ಲ. ಅವನು ಮಂಚದ ಅಂಚಿನಲ್ಲಿ ಕೂತು ಮೋಸಂಬಿ ಸುಲಿದು ಹೆಂಡತಿಯ ಬಾಯಿಗೆ ಹಿಡಿದ. ಅವಳು ತುಟಿ ಬಿಗಿದುಕೊಂಡಳು.

"ನಮ್ಮಾಕಿಗೆ ಸ್ಟೋವ್ ಹಚ್ಚಾಕ ಬರಂಗಿಲ್ರಿ," ಎಂದು ನಕ್ಕ. "ಲಗೂನ ಮನಿಗೆ ಕಳಸ್ರಿ, ನಾ ನೋಡ್ಕೋತೇನಿ."

ಮೆಹಬೂಬಿ ಬಾಯಿ ಮುಚ್ಚಿಕೊಂಡು ಹೊರಗೆ ಓಡಿ ಕಾರಿಕೊಂಡಳು. ಉಳಿದ ಯಾರಿಗೂ, ರೌಂಡಿಗೆ ಬಂದಿದ್ದ ಡಾಕ್ಟರಿಗೂ, ಯಾವ ನಾತವೂ ಬರಲಿಲ್ಲ. ಅವನು ಹೋದ ಮೇಲೆ ನಾತವೂ ಹೋಯಿತು. ಇಲಿ ಸತ್ತಿರಬಹುದೆಂದು ಮಂಚ ಸರಿಸಿ ಹುಡುಕಿಸಿದೆ, ನೆಲವನ್ನೆಲ್ಲ ಫಿನೈಲಿನಿಂದ ತೊಳೆಸಿದೆ. ಮರುದಿನ ಅವನು ಬಂದಾಗ ಮತ್ತೆ ಅದೇ. ಶಾಂತವ್ವನ ನಾಡಿ ನೋಡುವ ನೆಪದಲ್ಲಿ ಅವನ ಕೈಕಾಲು ಗಮನಿಸಿದೆ; ಕೊಳೆತ ಗಾಯವಿರಲಿ, ಒಂದು ಗೀರೂ ಇರಲಿಲ್ಲ.

ಅವನು ಹೊರಟ ಮೇಲೆ, ಅಲ್ಲಿಯವರೆಗೆ ಮಾತೇ ಆಡದಿದ್ದ ಶಾಂತವ್ವ ನನ್ನ ಸೆರಗು ಹಿಡಿದಳು.

"ನರ್ಸಬಾಯಾರ, ನಿಮಗೂ ನಾತ ಬಂತೇನ್ರಿ?"

"ಹೂನವ್ವ. ಯಾವಾಗಿಂದ ಐತಿ?"

"ಅವ ನನ್ನ ಮ್ಯಾಲೆ ಚಿಮಣಿ ಎಣ್ಣಿ ಸುರುವಿ ಕಡ್ಡಿ ಗೀರಿದ ದಿನದಿಂದರಿ. ನನ್ನ ತಲಿ ಕೆಟ್ಟೈತಿ ಅನ್ಕೊಂಡಿದ್ದೆ."

ಸ್ಟೋವ್ ಸಿಡಿದೇ ಇರಲಿಲ್ಲ. ನಾನು ಮೋರಟಗಿಯಲ್ಲಿದ್ದ ಅವಳ ಅಣ್ಣನಿಗೆ ಹೇಳಿಕಳಿಸಿದೆ. ಗಾಯ ಮಾಯ್ದ ಮೇಲೆ ಗಂಡ ಗಾಡಿ ತಂದ. ಶಾಂತವ್ವ ಅವನ ಕಡೆ ನೋಡದೆ ಅಣ್ಣನ ಜೊತೆ ನಡೆದಳು. ಬೆಂಕಿ ಹಚ್ಚಿದ್ದನ್ನು ಕಂಡವರು ಯಾರೂ ಇರಲಿಲ್ಲ. ಅವನಿಗೆ ಏನೂ ಆಗಲಿಲ್ಲ.

ಕೆಲವು ವರ್ಷಗಳ ನಂತರ ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು. ಮೈಕೈ ತುಂಬಿಕೊಂಡಿದ್ದಳು. ಗಂಡನ ಸುದ್ದಿ ಕೇಳಿದೆ.

"ಗಟ್ಟಿಮುಟ್ಟ ಅದಾನ್ರಿ. ಮತ್ತೊಂದ ಲಗ್ನ ಆಗ್ಯಾನ. ಆ ಹುಡುಗಿ ಅವ ಮನಿಗೆ ಬಂದ್ರ ಸೆರಗಿಲೆ ಮೂಗ ಮುಚ್ಕೋತಾಳಂತ."

"ಆಕಿಗೂ ಏನರ ಮಾಡ್ಯಾನೇನು?"

"ಇನ್ನೂ ಏನೂ ಮಾಡಿಲ್ಲಂತ್ರಿ," ಎಂದಳು. "ಆಕಿ ತವರಮನಿ ಬಾಗೇವಾಡ್ಯಾಗ ಐತಿ. ಹೇಳಾಕ ಹೊಂಟೇನಿ. ನನ್ನ ಮಾತ ನಂಬ್ತಾರೋ ಇಲ್ಲೋ. ನೀವೂ ಬರ್ರಿ ಬಾಯಾರ."

ನಾನು ಇಂಡಿಗೆ ಹೋಗಬೇಕಿತ್ತು. ಅವಳ ಹಿಂದೆಯೇ ಬಾಗೇವಾಡಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆ ಹುಡುಗಿಯ ತಾಯಿಗೆ ಏನು ಹೇಳಲಿ ಎಂದು ಯೋಚಿಸಿದೆ. ಅಲ್ಲಿ ನಾನು ಬಾಯಿ ತೆರೆಯುವ ಮೊದಲೇ ಶಾಂತವ್ವ ರವಿಕೆಯ ತೋಳು ಮೇಲೆತ್ತಿ ಸುಟ್ಟ ಕಲೆ ತೋರಿಸಿದಳು. ತಾಯಿ ಅದೇ ವಾರ ಮಗಳನ್ನು ಮನೆಗೆ ಕರೆತಂದಳಂತೆ.

ಆ ನಾತ ಎಲ್ಲಿಂದ ಬರುತ್ತಿತ್ತು, ನಮ್ಮ ಕೆಲವರ ಮೂಗಿಗಷ್ಟೇ ಏಕೆ ಬಡಿಯಿತು ಎಂಬುದು ಇವತ್ತಿಗೂ ನನಗೆ ತಿಳಿದಿಲ್ಲ.